ಕರಡದ ನಡುವೆ ಒಂದು ಹಸುರು ಪಟ್ಟಿ

ಮಾರ್ಗಶಿರದ ಬೆಳಗು. ತಾಳಗುಪ್ಪ ದಾಟಿ ಸಿದ್ದಾಪುರದ ಕಡೆ ಹೋಗುವ ರಸ್ತೆ ಬಿಟ್ಟು ಎರಡು ಮೈಲಿ ಮಣ್ಣುಹಾದಿ ಹಿಡಿದರೆ ಅಕ್ಕನ ಮನೆ. ಕೊಯ್ಲಿನ ಕಾಲ. ಅಂಗಳದಲ್ಲಿ ಅಟ್ಟ, ಅಟ್ಟದ ಮೇಲೆ ಬೇಯಿಸಿ ಹರವಿದ ಅಡಿಕೆ, ಹಂಡೆಯಲ್ಲಿ ಕುದಿಯುವ ಚೊಗರಿನ ವಾಸನೆ. ಮನೆಯ ಕೆಳಗೆ ತೋಟ, ತೋಟದ ಕೆಳಗೆ ಹಳ್ಳ. ಮನೆಯ ಹಿಂದಿನಿಂದ ಮೇಲಕ್ಕೇರುವುದು ಬೇಣ.

“ಬಾ ಮಾರಾಯ, ಬಿಸಿಲು ಏರೋ ಮುಂಚೆ ಬೇಣಕ್ಕೆ ಹೋಗಿ ಬರಾಣ” ಎಂದರು ಭಾವ. ಕೈಯಲ್ಲೊಂದು ಗುದ್ದಲಿ, ತಲೆಗೆ ಟವೆಲು.

ಕೊಟ್ಟಿಗೆಯ ಹಿಂದೆ ದಣಪೆ ದಾಟಿದ ಕೂಡಲೇ ಕಾಲಡಿಯ ನೆಲ ಬದಲಾಗುತ್ತದೆ. ತೋಟದ ಮೆತ್ತನೆಯ ಕಪ್ಪು ಮಣ್ಣು ಹೋಗಿ ಕೆಂಪು ಹರಳು ಸಿಗುತ್ತದೆ. ಕಡಲೆಕಾಳಿನಷ್ಟು, ಬಟಾಣಿಯಷ್ಟು ಗಾತ್ರದ, ಕಬ್ಬಿಣದ ಬಣ್ಣದ ಹರಳುಗಳು. ಮೇಲೆ ಹತ್ತಿದಂತೆ ಅಲ್ಲಲ್ಲಿ ಜಂಬಿಟ್ಟಿಗೆ ಕಲ್ಲೇ ಬೆನ್ನು ತೋರಿಸಿ ಮಲಗಿದೆ. ಮತ್ತಿ, ಕೌಲು, ನೆಲ್ಲಿ ಮರಗಳು ದೂರ ದೂರ ನಿಂತಿವೆ. ಉಳಿದದ್ದೆಲ್ಲ ಹುಲ್ಲು. ಆಷಾಢದಲ್ಲಿ ಕಣ್ಣು ಕುಕ್ಕುವ ಹಸುರಾಗಿದ್ದ ಹುಲ್ಲು ಈಗ ಮೊಣಕಾಲೆತ್ತರದ ಕರಡ. ಹಳೇ ಹಿತ್ತಾಳೆಯ ಬಣ್ಣ. ನಡೆದರೆ ಸರಸರ ಸದ್ದು, ಪಂಚೆಯ ಅಂಚಿಗೆ ಚುಚ್ಚಿಕೊಳ್ಳುವ ಹುಲ್ಲಿನ ಮುಳ್ಳು.

ಆ ಹಿತ್ತಾಳೆಯ ನಡುವೆ, ಇಳಿಜಾರಿನ ಎಡಗಡೆ, ಗೊಬ್ಬರದ ಗಿಡದ ಗೂಟಗಳ ಬೇಲಿಯೊಳಗೆ ಅರ್ಧ ಎಕರೆ ಮಾತ್ರ ಹಸುರಾಗಿತ್ತು. ತಿಂಗಳೊಪ್ಪತ್ತಿನಿಂದ ಒಂದು ಹನಿ ಮಳೆ ಬಿದ್ದಿರದ ನೆಲದಲ್ಲಿ, ಯಾರೂ ನೀರು ಹಾಯಿಸದ ಕಡೆ, ಸೊಂಟದ ಕೆಳಗಿನೆತ್ತರಕ್ಕೆ ಪೊದೆಪೊದೆಯಾಗಿ ಬೆಳೆದ ಗಿಡ. ಮೂರು ಮೂರು ಎಲೆಗಳ ಗೊಂಚಲು, ತುದಿಯಲ್ಲಿ ಸಾಸಿವೆ ಹೂವಿಗಿಂತ ಚಿಕ್ಕದಾದ ಹಳದಿ ಹೂ. ಸವರಿದರೆ ಬೆರಳಿಗೆ ತುಸು ಅಂಟು.

“ಇದೇ ಸ್ಟೈಲೋ” ಎಂದರು ಭಾವ. “ಸ್ಟೈಲೋಸಾಂತಿಸ್ ಅಂತ ಪೂರ್ತಿ ಹೆಸರು. ನಿನ್ನ ಅಕ್ಕ ಹಳದಿ ಹೂವಿನ ಮೇವು ಅಂತಾಳೆ. ದನಕ್ಕೆ ಯಾವ ಹೆಸರಾದ್ರೂ ಅಡ್ಡಿಲ್ಲ.”

ಗುದ್ದಲಿಯನ್ನು ಗಿಡದ ಬುಡದಿಂದ ಗೇಣುದೂರ ಇಟ್ಟು ಮೆಲ್ಲಗೆ ಮೀಟಿದರು. ಎಳೆದರೆ ಗಂಟು ಕಳಚಿ ಮಣ್ಣಲ್ಲೇ ಉಳಿಯುತ್ತದೆ, ಅದಕ್ಕೆ ಮಣ್ಣಿನ ಹೆಂಟೆ ಸಮೇತ ಎತ್ತಬೇಕು. ಹೆಂಟೆಯನ್ನು ಅಂಗೈಯಲ್ಲಿ ಇಟ್ಟುಕೊಂಡು, ಮಗುವಿನ ತಲೆಗೂದಲು ಬಿಡಿಸುವ ಹಾಗೆ, ಬೇರಿನ ಎಳೆಗಳನ್ನು ಬಿಡಿಸಿದರು. ಕೆಂಪು ಮಣ್ಣು ಉದುರಿದಂತೆ ಬೇರಿನ ಮೈಮೇಲೆ ಅಲ್ಲಲ್ಲಿ ರಾಗಿಕಾಳಿನಂಥ ಗಂಟುಗಳು ಕಂಡವು. ಒಂದನ್ನು ಕಿತ್ತು ಹೆಬ್ಬೆರಳಿನ ಉಗುರಿನಿಂದ ಸೀಳಿ ನನ್ನ ಕಣ್ಣೆದುರು ಹಿಡಿದರು.

ಒಳಗೆ ಗುಲಾಬಿ. ಎಳೆ ಮಗುವಿನ ಒಸಡಿನ ಬಣ್ಣ.

“ಕೆಂಪಿದ್ರೆ ಕೆಲಸ ಮಾಡ್ತಾ ಇದೆ ಅಂತ ಅರ್ಥ. ಬಿಳಿಯೋ ಹಸುರೋ ಇದ್ರೆ ಗಂಟು ಇದ್ದೂ ಪ್ರಯೋಜನ ಇಲ್ಲ.”

ನಮ್ಮ ನೆತ್ತರಿಗೆ ಕೆಂಪು ಕೊಡುವ ಹಿಮೋಗ್ಲೋಬಿನ್ ಇದೆಯಲ್ಲ, ಅದರ ಹತ್ತಿರದ ನೆಂಟ ಲೆಗ್‌ಹಿಮೋಗ್ಲೋಬಿನ್ ಈ ಗಂಟಿನೊಳಗಿದೆ. ಗಂಟಿನಲ್ಲಿ ಬೀಡುಬಿಟ್ಟ ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ, ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ಈ ಕೊಡು-ಕೊಳ್ಳುವಿಕೆ ಇದೆಯೆಂದು ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್ಫಾರ್ತ್ 1880ರ ದಶಕದಲ್ಲಿ ಸಾಧಿಸಿ ತೋರಿಸಿದರು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದ. ಆದರೆ ಆ ಚಳಿದೇಶದ ಕ್ಲೋವರ್, ಬಟಾಣಿಗಳಿಗೆ ಸಿಕ್ಕ ನೆಲವೇ ಬೇರೆ, ಭಾವನ ಬೇಣದ ನೆಲವೇ ಬೇರೆ. ಇಲ್ಲಿಯದು ಹುಳಿಮಣ್ಣು.

ಹುಳಿ ಎಷ್ಟೆಂಬುದನ್ನು ಅವರು ಕಲಿತದ್ದು ನಷ್ಟ ಮಾಡಿಕೊಂಡು. ನಾಲ್ಕು ವರ್ಷದ ಹಿಂದೆ ಹಸಿಮೇವಿನ ಆಸೆಗೆ ಪೇಟೆಯ ಅಂಗಡಿಯೊಂದರಿಂದ ಕುದುರೆಮೆಂತೆ ಬೀಜ ತಂದಿದ್ದರು. ಬಯಲುಸೀಮೆಯಲ್ಲಿ ಅದು ಮೇವಿನ ರಾಣಿ. ಒಮ್ಮೆ ಬಿತ್ತಿದರೆ ವರ್ಷಗಟ್ಟಲೆ ಕೊಯ್ಯಬಹುದು. ಬೇಣದ ಅಂಚನ್ನು ಅಗೆದು, ಗೊಬ್ಬರ ಹಾಕಿ, ಬಿತ್ತಿದರು. ಮೊಳಕೆ ಚೆಂದವೇ ಬಂತು. ಮೂರನೇ ವಾರಕ್ಕೆ ಎಲೆ ಹಳದಿ, ಐದನೆಯ ವಾರಕ್ಕೆ ಗಿಡ ಮೊಳಕಾಲೂರಿ ಕೂತಂತೆ ಅಲ್ಲೇ ನಿಂತಿತು. ಕಿತ್ತು ನೋಡಿದರೆ ಬೇರು ಬೆರಳುದ್ದವೂ ಇಳಿದಿರಲಿಲ್ಲ. ತುದಿ ಮೊಂಡಾಗಿ ದಪ್ಪಗಾಗಿತ್ತು. ಗಂಟು ಒಂದೂ ಇಲ್ಲ.

“ಬೀಜ ಮಾರಿದವ್ರು ಮಣ್ಣು ಯಾವ್ದು ಅಂತ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ” ಎಂದರು ಭಾವ, ದೂರುವ ದನಿ ಇಲ್ಲದೆ.

ಆಮೇಲೆ ಮಣ್ಣು ಪರೀಕ್ಷೆಗೆ ಕೊಟ್ಟರು. ಬೇಣದ ಎಂಟು ಹತ್ತು ಕಡೆ ಗೇಣುದ್ದದ ಗುಂಡಿ ತೋಡಿ, ಗುಂಡಿಯ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಮಣ್ಣು ಕೆರೆದು, ಎಲ್ಲ ಬೆರೆಸಿ, ನೆರಳಲ್ಲಿ ಆರಿಸಿ, ಅರ್ಧ ಕಿಲೋ ಕಟ್ಟಿ ಕಳಿಸಿದರು. ಬಂದ ಚೀಟಿಯಲ್ಲಿ ರಸಸಾರ 5.1. ಸಪ್ಪೆ ನೀರಿನದು 7. ಈ ಲೆಕ್ಕದಲ್ಲಿ ಒಂದು ಅಂಕೆ ಇಳಿದರೆ ಹುಳಿ ಹತ್ತು ಪಟ್ಟು ಏರಿತೆಂದು ಅರ್ಥ. ಹಾಗೆ ನೋಡಿದರೆ ಬೇಣದ ಮಣ್ಣು ಸಪ್ಪೆ ನೀರಿಗಿಂತ ಸುಮಾರು 80 ಪಟ್ಟು ಹುಳಿ. ಕುದುರೆಮೆಂತೆಗೆ ಆರೂವರೆಯ ಮೇಲಿನ ರಸಸಾರ ಬೇಕು. ಅದರ ಬೇರಿನ ಬ್ಯಾಕ್ಟೀರಿಯಾವಂತೂ ಹುಳಿ ಕಂಡರೆ ಬದುಕುವುದೇ ಇಲ್ಲ.

ಈ ಹುಳಿ ಮಳೆ ಮಾಡಿದ್ದು. ಸಾವಿರಾರು ವರ್ಷ ಸುರಿದ ಮಳೆ ಮಣ್ಣಿನ ಸುಣ್ಣ, ಮೆಗ್ನೀಶಿಯಂ, ಪೊಟ್ಯಾಶ್‌ಗಳನ್ನು ಕರಗಿಸಿ ಹಳ್ಳಕ್ಕೆ, ಹಳ್ಳದಿಂದ ಶರಾವತಿಗೆ, ಅಘನಾಶಿನಿಗೆ ಸಾಗಿಸಿತು. ಕರಗದ ಕಬ್ಬಿಣ, ಅಲ್ಯೂಮಿನಿಯಂ ಉಳಿದುಕೊಂಡವು. ಹಸಿಯಿದ್ದಾಗ ಕಡಿಯಲು ಬರುವ, ಗಾಳಿ ಬಿಸಿಲಿಗೆ ಕಲ್ಲಾಗುವ ಈ ಮಣ್ಣನ್ನು ಮಲಬಾರಿನ ಅಂಗಡಿಪುರಂನಲ್ಲಿ ನೋಡಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಹಾಗೆಂದರೆ ಇಟ್ಟಿಗೆ. ನಮ್ಮವರ ಜಂಬಿಟ್ಟಿಗೆಯೊಳಗೂ ಇಟ್ಟಿಗೆಯೇ ಇದೆ. ಒಂದೇ ಕಲ್ಲು ಎರಡು ಕಡೆಯವರಿಗೂ ಒಂದೇ ಹೋಲಿಕೆ ಹೊಳೆಸಿದ್ದು ನನಗೆ ಯಾವಾಗಲೂ ಸೋಜಿಗ.

ರಸಸಾರ ಐದೂವರೆಯ ಕೆಳಗಿಳಿದರೆ ಮಣ್ಣಿನ ಅಲ್ಯೂಮಿನಿಯಂ ನೀರಿಗೆ ಬಿಟ್ಟುಕೊಳ್ಳುತ್ತದೆ. ಬೇರಿನ ತುದಿಗೆ ಅದು ವಿಷ. ಭಾವ ಕಂಡ ಮೊಂಡುಬೇರು ಅದರದೇ ಗುರುತು. ಹಾಕಿದ ರಂಜಕವನ್ನು ಅದೇ ಅಲ್ಯೂಮಿನಿಯಂ, ಕಬ್ಬಿಣಗಳು ಹಿಡಿದು ಬಿಗಿದುಕೊಳ್ಳುತ್ತವೆ. ಬೇರಿಗೂ ಬ್ಯಾಕ್ಟೀರಿಯಾಕ್ಕೂ ಮೊದಲ ನಂಟು ಬೆಳೆಯಲು ಸುಣ್ಣದಂಶ ಬೇಕು, ಅದೇ ಇಲ್ಲ. ಸಾರಜನಕ ಹಿಡಿಯುವ ಕಿಣ್ವಕ್ಕೆ ಚೂರೇ ಚೂರು ಮಾಲಿಬ್ಡಿನಂ ಬೇಕು, ಹುಳಿಮಣ್ಣು ಅದನ್ನೂ ಬಚ್ಚಿಟ್ಟುಕೊಳ್ಳುತ್ತದೆ. ದಕ್ಷಿಣ ಆಸ್ಟ್ರೇಲಿಯಾದ ಕಬ್ಬಿಣದ ಹರಳಿನ ಗುಡ್ಡಗಳಲ್ಲಿ ಕ್ಲೋವರ್ ಹುಲ್ಲುಗಾವಲು ಏಳದೆ ಸೊರಗುತ್ತಿದ್ದಾಗ, 1942ರಲ್ಲಿ ಎ. ಜೆ. ಆಂಡರ್ಸನ್ ಎಂಬ ವಿಜ್ಞಾನಿ ಕಾರಣ ಕಂಡುಹಿಡಿದದ್ದು ಇದನ್ನೇ. ಎಕರೆಗೆ ಒಂದು ಹಿಡಿಗೂ ಕಡಿಮೆ ಮಾಲಿಬ್ಡಿನಂ ಲವಣ ಆ ಗುಡ್ಡಗಳನ್ನು ಹಸುರಾಗಿಸಿತು. ಭಾವನ ಬೇಣದ ಹರಳು ಕೈಯಲ್ಲಿ ಹಿಡಿದಾಗ ನನಗೆ ಆ ಗುಡ್ಡಗಳ ನೆನಪಾಯಿತು.

ಇಷ್ಟಾದರೂ ಹುಳಿಮಣ್ಣಿನಲ್ಲಿ ದ್ವಿದಳ ಬೆಳೆಯದು ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಬೇಣದ ದಾರಿಯಲ್ಲೇ ಕಾಲಿಗೆ ಚುಚ್ಚಿ ಎಲೆ ಮುಚ್ಚಿಕೊಳ್ಳುವ ಮುಟ್ಟಿದರೆ ಮುನಿ ದ್ವಿದಳದ ಗಿಡವೇ. ಬೀಜ ಬಟ್ಟೆಗಂಟಿಸುವ ಡೆಸ್ಮೋಡಿಯಂ, ಒಣಗಿದ ಕಾಯಿ ಗಿಲಗಿಲ ಎನ್ನುವ ಕಾಡುಸೆಣಬು, ಎಲ್ಲವೂ ಅದೇ ಕುಲ. ಎದುರು ಗುಡ್ಡದ ಮೇಲೆ ಸಾಲುಸಾಲು ನಿಂತ ಅಕೇಶಿಯಾ ಕೂಡ ಅದೇ ಕುಲದ್ದು. ಅದಕ್ಕೆ ಹುಳಿ ಏನೂ ಮಾಡಲಿಲ್ಲ. ದನ ಮಾತ್ರ ಅದರ ಎಲೆ ಮೂಸುವುದಿಲ್ಲ. ಆಸ್ಟ್ರೇಲಿಯಾದ ಡಿ. ಒ. ನಾರಿಸ್ 1950ರ ದಶಕದಲ್ಲಿ ಇದನ್ನು ವಿವರಿಸಲು ಹೊರಟರು. ದ್ವಿದಳ ಕುಲದ ಹಳೆಯ ತವರು ಮಳೆಕಾಡಿನ ಹುಳಿಮಣ್ಣು, ಕ್ಲೋವರ್, ಕುದುರೆಮೆಂತೆಯಂಥವು ಆಮೇಲೆ ಸುಣ್ಣದ ನೆಲಕ್ಕೆ ಹೋಗಿ ಒಗ್ಗಿಕೊಂಡವು ಎಂದರು. ಅವರ ಮಾತಿಗೆ ಆಮೇಲೆ ತಿದ್ದುಪಡಿಗಳೂ ಬಂದವು. ಉಷ್ಣವಲಯದ ಎಷ್ಟೋ ದ್ವಿದಳಗಳು ಹುಳಿಗೆ ಹೆದರುವುದಿಲ್ಲ ಎಂಬುದಂತೂ ಬೇಣದಲ್ಲಿ ಕಣ್ಣಿಗೆ ಕಾಣುತ್ತದೆ.

ಸ್ಟೈಲೋ ಆ ಗುಂಪಿನದು. ಮೇವಿಗೆ ಬೆಳೆಸುವ ಹೆಚ್ಚಿನ ಜಾತಿಗಳ ತವರು ದಕ್ಷಿಣ ಅಮೆರಿಕ ಮತ್ತು ಕೆರಿಬಿಯನ್. ಅದರ ಒಂದು ಜಾತಿ, ಸ್ಟೈಲೋಸಾಂತಿಸ್ ಫ್ರುಟಿಕೋಸಾ, ದಕ್ಷಿಣ ಭಾರತದ ಒಣನೆಲಗಳಲ್ಲಿ ತಾನಾಗಿ ಬೆಳೆಯುತ್ತದೆ. ಹ್ಯಾಮಾಟ, ಸ್ಕೇಬ್ರ, ಗಯಾನೆನ್ಸಿಸ್ ಎಂಬ ಮೂರು ನಮ್ಮಲ್ಲಿ ಹುಲ್ಲುಗಾವಲಿಗೆ ಬಂದಿವೆ. ಗಯಾನೆನ್ಸಿಸ್ ಅಂತೂ ನಾಲ್ಕೂಚಿಲ್ಲರೆ ರಸಸಾರದಲ್ಲೂ ಏಳುತ್ತದೆ. ಅಲಸಂದೆ, ಹುರುಳಿಗಳ ಬೇರಲ್ಲಿ ಗಂಟು ಕಟ್ಟುವ ಊರಿನ ಬ್ಯಾಕ್ಟೀರಿಯಾಗಳೇ ಇದಕ್ಕೂ ಹೆಚ್ಚಾಗಿ ಸಾಕಾಗುತ್ತವೆ. ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಮೇವಿನ ಬೆಳೆಗಳ ಮೇಲೆ ಕೆಲಸ ಮಾಡುತ್ತಿದೆ. ಭಾವನಿಗೆ ಅಲ್ಲಿಯ ವಿಷಯ ತಿಳಿಸಿದ್ದು ನೆಂಟರೊಬ್ಬರು.

ಬಿತ್ತನೆಯ ಕಥೆ ಅಕ್ಕನ ಬಾಯಲ್ಲೇ ಕೇಳಬೇಕು. ಬೇಣದಿಂದ ಇಳಿದು ಬಂದಾಗ ಅವಳು ಬಾವಿಕಟ್ಟೆಯಲ್ಲಿ ತಾಮ್ರದ ಕೊಡ ತಿಕ್ಕುತ್ತಿದ್ದಳು. ಕೈಯಲ್ಲಿ ಹುಣಸೆಯ ಚರಟ, ಬೂದಿ.

“ಆ ಬೀಜದ ಸಿಪ್ಪೆ ಎಷ್ಟು ಗಟ್ಟಿ ಅಂದ್ರೆ, ತಮ್ಮಾ, ಹಾಗೇ ಬಿತ್ತಿದ್ರೆ ಈ ವರ್ಷ ನಾಲ್ಕು, ಬರೋ ವರ್ಷ ನಾಲ್ಕು ಹುಟ್ಟತ್ತೆ. ನೀರು ಕುದಿಸಿ, ಕುದಿ ಇಳಿದ ಮೇಲೆ ಬೀಜ ಹಾಕಿ, ಐದು ನಿಮಿಷಕ್ಕೆ ಸೋಸಿ ತಣ್ಣೀರಿಗೆ ಹಾಕಿದೆ. ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ನೆರಳಲ್ಲಿ ಆರಿಸಿದ್ದು.” ಸಂಶೋಧಕರ ಮಾತಿನಲ್ಲಿ ಇದು 80 ಡಿಗ್ರಿ ಬಿಸಿಯ ನೀರು, ನಾಲ್ಕೈದು ನಿಮಿಷ.

ಬೀಜ ಎಳ್ಳಿಗಿಂತ ಸಣ್ಣದು. ಮಣ್ಣಿನಲ್ಲಿ ಆಳ ಹೂತರೆ ಮೇಲೆ ಬರುವ ಕಸುವಿಲ್ಲ. ಭಾವ ಮೃಗಶಿರೆ ಮಳೆ ಹಿಡಿಯುವ ಮೊದಲು ಬೇಣದ ನೆಲವನ್ನು ಪೂರ್ತಿ ಅಗೆಯಲಿಲ್ಲ. ಇಳಿಜಾರಿಗೆ ಅಡ್ಡಲಾಗಿ ಎರಡೆರಡು ಅಡಿಗೆ ಗುದ್ದಲಿಯಿಂದ ಗೀರು ಎಳೆದರು. ಇಡೀ ಬೇಣ ಅಗೆದಿದ್ದರೆ ಆರಿದ್ರೆಯ ಮಳೆಗೆ ಆ ಮೇಲ್ಮಣ್ಣು ಹಳ್ಳ ಸೇರುತ್ತಿತ್ತು. ಬೀಜವನ್ನು ಒಣಮಣ್ಣಿನಲ್ಲಿ ಬೆರೆಸಿ ಗೀರಿನುದ್ದಕ್ಕೆ ಉದುರಿಸಿ, ಸೊಪ್ಪಿನ ಟೊಂಗೆಯಿಂದ ಮೇಲೆ ಗುಡಿಸಿದಂತೆ ಮಾಡಿದರು. ಅಷ್ಟೇ.

ಗೀರಿಗೆ ಹಾಕಿದ್ದು ರಾಕ್ ಫಾಸ್ಫೇಟ್. ಇದನ್ನು ಅಕ್ಕನ ಕೊಡವನ್ನು ತೋರಿಸಿಯೇ ಭಾವ ವಿವರಿಸಿದರು. ಹುಣಸೆಯ ಹುಳಿ ತಾಮ್ರದ ಕಿಲುಬನ್ನು ಕರಗಿಸಿ ತೆಗೆಯುವ ಹಾಗೆ, ಮಣ್ಣಿನ ಹುಳಿ ಈ ಕಲ್ಲಿನ ಪುಡಿಯನ್ನು ನಿಧಾನವಾಗಿ ಕರಗಿಸಿ ರಂಜಕವನ್ನು ಬೇರಿಗೆ ಬಿಡುತ್ತದೆ. ಸಪ್ಪೆ ನೆಲದಲ್ಲಿ ಹಾಕಿದರೆ ಅದು ಕಲ್ಲಾಗಿಯೇ ಉಳಿಯುತ್ತದೆ. ಹುಳಿಯಿಂದ ಒಂದು ಲಾಭ ಸಿಗುವುದಾದರೆ ಪಡೆಯಬೇಕಲ್ಲ!

ಇನ್ನು ಸುಣ್ಣ. ಮಲೆನಾಡಿಗೆ ಸುಣ್ಣ ಹೊಸದಲ್ಲ. ಎಲೆ-ಅಡಿಕೆಗೆ ಸುಣ್ಣ, ಗೋಡೆಗೆ ಸುಣ್ಣ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತದ ಜೊತೆ ಒಂದು ಕಿಲೋ ಸುಣ್ಣ. ತೋಟದ ಮರಕ್ಕೆ ವರ್ಷವೂ ಸುಣ್ಣ ಸೋಕುತ್ತದೆ, ಬೇಣಕ್ಕೆ ಮಾತ್ರ ಯಾರೂ ಒಂದು ಹಿಡಿ ಹಾಕುವುದಿಲ್ಲ. ಬೇಣದಿಂದ ತೆಗೆದದ್ದೋ ಲೆಕ್ಕವಿಲ್ಲ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಸೊಪ್ಪಿನ ಬೆಟ್ಟದ ಹಕ್ಕು ಕೊಟ್ಟಿದ್ದ ಕಾಲವಿತ್ತು. ಬೆಟ್ಟದ ಸೊಪ್ಪು, ದರಕು, ಬೇಣದ ಕರಡ ಎಲ್ಲವೂ ಕೊಟ್ಟಿಗೆಗೆ ಇಳಿದು, ಗೊಬ್ಬರವಾಗಿ ತೋಟಕ್ಕೆ ಹೋಯಿತು. ಸೊಪ್ಪಿನೊಟ್ಟಿಗೆ ಮೇಲಿನ ನೆಲದ ಸುಣ್ಣ, ಪೊಟ್ಯಾಶ್‌ಗಳೂ ಇಳಿದವು. ತೋಟ ಕಪ್ಪಾಗಿ ಕೊಬ್ಬಿತು, ಬೇಣ ಹುಳಿತು. ತಲೆಮಾರುಗಳ ಈ ಸಾಲವನ್ನು ಯಾರೂ ಸಾಲವೆಂದು ಬರೆದಿಡಲಿಲ್ಲ.

ಭಾವ ಬೇಣಕ್ಕೆಲ್ಲ ಸುಣ್ಣ ಎರಚುವ ಗೋಜಿಗೆ ಹೋಗಲಿಲ್ಲ. ಅಷ್ಟು ಸುಣ್ಣ ಹೊತ್ತು ಹತ್ತಿಸುವ ಆಳೂ ಇಲ್ಲ, ದುಡ್ಡೂ ಇಲ್ಲ. ಬೀಜ ಬೀಳುವ ಗೀರುಗಳಿಗಷ್ಟೇ, ಬಿತ್ತುವ ಮೂರು ವಾರ ಮೊದಲು, ಡೋಲೋಮೈಟ್ ಪುಡಿ ಉದುರಿಸಿದರು. ಅದರಲ್ಲಿ ಸುಣ್ಣದ ಜೊತೆ ಮೆಗ್ನೀಶಿಯಮ್ಮೂ ಇದೆ. ಜೊತೆಗೆ ಬಚ್ಚಲೊಲೆಯ ಬೂದಿ. ಹುಳಿಯನ್ನು ಪೂರ್ತಿ ಅಳಿಸುವುದು ಅವರ ಲೆಕ್ಕವಲ್ಲ, ಎಳೆಬೇರು ಮೊದಲ ತಿಂಗಳು ತಡೆದುಕೊಂಡರೆ ಸಾಕು. ಸ್ಟೈಲೋದಂಥ ಗಿಡಕ್ಕೆ ಇದು ಸರಿಯಾದ ದಾರಿ ಎಂದು ನನಗೂ ಅನಿಸುತ್ತದೆ. ಕುದುರೆಮೆಂತೆಯನ್ನೇ ಬೆಳೆಯುವೆನೆಂದು ಹಟ ಹಿಡಿದರೆ ಗಾಡಿಗಟ್ಟಲೆ ಸುಣ್ಣ ಬೇಕು, ಮರುವರ್ಷದ ಮಳೆ ಅದನ್ನೂ ತೊಳೆಯತೊಡಗುತ್ತದೆ.

ಮೊದಲ ಮಳೆಗಾಲ ನಿರಾಸೆಯದು. ಹುಲ್ಲು ಎರಡಡಿ ಎದ್ದಾಗ ಸ್ಟೈಲೋ ಬೆರಳುದ್ದ. ಎಲ್ಲೋ ಹುಡುಕಿದರೆ ಸಿಗುತ್ತಿತ್ತು. ಭಾವ ಎರಡು ಸಲ ಹುಲ್ಲು ಸವರಿ ಬೆಳಕು ಬಿಟ್ಟರು. ಬೇಲಿ ಮುರಿದು ಒಳನುಗ್ಗಿದ ಮನೆಯ ಗಿಡ್ಡ ಹಸು ಸುತ್ತಲಿನ ಹುಲ್ಲನ್ನೆಲ್ಲ ಮೇಯ್ದು ಸ್ಟೈಲೋವನ್ನು ಮೂಸಿ ಬಿಟ್ಟಿತ್ತು. “ದನವೇ ತಿನ್ನದ ಮೇವು ತಂದಿರಲ್ಲ ಅಂದೆ” ಎಂದು ಅಕ್ಕ ನೆನಪು ಮಾಡಿಕೊಂಡಳು. ಅದು ಈ ಗಿಡದ ಗುಣ. ಹಸಿಹುಲ್ಲು ಸಮೃದ್ಧವಾಗಿರುವಾಗ ದನ ಇದಕ್ಕೆ ಬಾಯಿ ಹಾಕುವುದು ಕಡಿಮೆ. ಹುಲ್ಲು ಕರಡವಾದ ಮೇಲೆ ಇದನ್ನೇ ಹುಡುಕಿಕೊಂಡು ಹೋಗುತ್ತದೆ. ಮಳೆಗಾಲದಲ್ಲಿ ಉಳಿದು ಬೇಸಗೆಗೆ ಒದಗುವುದು ಮೇವಿಗೆ ಎಂಥ ದೊಡ್ಡ ಗುಣ ಎಂಬುದು ಕೊಟ್ಟಿಗೆ ಇದ್ದವರಿಗೆ ಗೊತ್ತು.

ಒಣಗಿದ ಕರಡದಲ್ಲಿ, ಭತ್ತದ ಹುಲ್ಲಿನಲ್ಲಿ ಪ್ರೋಟೀನು ನೂರಕ್ಕೆ ಮೂರು ನಾಲ್ಕು ಪಾಲು. ದನದ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಆರೇಳು ಪಾಲಾದರೂ ಇಲ್ಲದಿದ್ದರೆ ಕಸುವಿರುವುದಿಲ್ಲ. ತಿಂದದ್ದು ಕರಗುವುದಿಲ್ಲ, ಕರಗದ್ದರಿಂದ ದನ ಇನ್ನಷ್ಟು ತಿನ್ನುವುದಿಲ್ಲ. ಫಾಲ್ಗುಣದ ಹೊತ್ತಿಗೆ ಮಲೆನಾಡಿನ ಕೊಟ್ಟಿಗೆಗಳಲ್ಲಿ ಪಕ್ಕೆಲುಬು ಎಣಿಸುವಂತಾಗುವುದು ಹೀಗೆ. ಸ್ಟೈಲೋದಲ್ಲಿ ಪ್ರೋಟೀನು ಹನ್ನೆರಡರಿಂದ ಹದಿನೆಂಟು ಪಾಲು. ಕರಡದ ಜೊತೆ ದಿನಕ್ಕೊಂದು ಹೊರೆ ಇದು ಸೇರಿದರೆ ಕರಡವೂ ದನಕ್ಕೆ ದಕ್ಕುತ್ತದೆ.

ಸಂಜೆ ಕೊಟ್ಟಿಗೆಯಲ್ಲಿ ಅದನ್ನು ಕಂಡೆ. ಎರಡು ಮಲೆನಾಡು ಗಿಡ್ಡ, ಒಂದು ಮಿಶ್ರತಳಿಯ ಹಸು. ಅಕ್ಕ ಬೇಣದಿಂದ ಕೊಯ್ದು ತಂದ ಸ್ಟೈಲೋವನ್ನು ಕರಡದ ಜೊತೆ ಕತ್ತರಿಸಿ ಬೆರೆಸಿ ಹಾಕಿದಳು. ಗಿಡ್ಡಗಳು ಮೂತಿಯಿಂದ ಕರಡವನ್ನು ಅತ್ತಿತ್ತ ಸರಿಸಿ ಹಸುರನ್ನೇ ಮೊದಲು ಆರಿಸಿದವು, ಆಮೇಲೆ ಕರಡಕ್ಕೆ ಬಂದವು. ಗೋದಲಿಯ ತಳ ನೆಕ್ಕುವ ಸದ್ದು ಕೇಳುತ್ತಿತ್ತು. ಹಿಂಡಿಯ ಖರ್ಚು ಇಳಿದಿದೆಯೇ ಎಂದು ಕೇಳಿದೆ. “ನಿಲ್ಸಿಲ್ಲ, ಅರ್ಧ ಮಾಡೀನಿ. ಹಾಲು ಇಳಿದಿಲ್ಲ” ಎಂದಳು ಅಕ್ಕ.

ಇದೆಲ್ಲ ಒಮ್ಮೆ ಬಿತ್ತಿ ಮರೆತುಬಿಡುವ ಕೆಲಸವೆಂದು ಯಾರೂ ತಿಳಿಯಬಾರದು. ಎರಡು ಅಪಾಯ ಇವೆ. ಒಂದು ಚಿಬ್ಬುರೋಗ. 1970ರ ದಶಕದಲ್ಲಿ ಉತ್ತರ ಆಸ್ಟ್ರೇಲಿಯಾದ ದೊಡ್ಡ ದೊಡ್ಡ ಹುಲ್ಲುಗಾವಲುಗಳಲ್ಲಿ ಬೆಳೆದಿದ್ದ ಟೌನ್ಸ್‌ವಿಲ್ ಸ್ಟೈಲೋ ಈ ಶಿಲೀಂಧ್ರ ರೋಗಕ್ಕೆ ತುತ್ತಾಗಿ ಹೆಚ್ಚುಕಡಿಮೆ ನಾಶವಾಯಿತು. ಹಾಗಾಗಿ ಒಂದೇ ಜಾತಿಯನ್ನು ನೆಚ್ಚಬಾರದು. ಭಾವ ಹ್ಯಾಮಾಟ, ಸ್ಕೇಬ್ರ ಎರಡನ್ನೂ ಬೆರೆಸಿ ಬಿತ್ತಿದ್ದಾರೆ. ಅಂಚಿನಲ್ಲಿ ಅಲಸಂದೆಯ ಒಂದು ಸಾಲು ಇದೆ.

ಇನ್ನೊಂದು ಹೆಚ್ಚು ಒಳಗಿನದು. ಗಾಳಿಯಿಂದ ಸಾರಜನಕ ಪಡೆಯುವ ಗಿಡ ಬೇರಿನಿಂದ ಹುಳಿಯನ್ನು ಹೊರಬಿಡುತ್ತದೆ. ಗಿಡ ಅಲ್ಲೇ ಕೊಳೆತರೆ ಬಿಟ್ಟ ಹುಳಿಯ ಬಹುಪಾಲು ಸರಿಹೋಗುತ್ತದೆ. ಕೊಯ್ದು ಹೊತ್ತೊಯ್ದರೆ ಎಲೆಯೊಳಗಿನ ಸುಣ್ಣ, ಪೊಟ್ಯಾಶ್ ಹೋಗಿ ಹುಳಿ ಅಲ್ಲೇ ಉಳಿಯುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಡೊನಾಲ್ಡ್ ಮತ್ತು ವಿಲಿಯಮ್ಸ್ ಎಂಬಿಬ್ಬರು 1954ರಲ್ಲೇ ಇದನ್ನು ತೋರಿಸಿದರು. ಕ್ಲೋವರ್ ಬೆಳೆದ ವರ್ಷಗಳು ಹೆಚ್ಚಿದಷ್ಟೂ ಆ ಹುಲ್ಲುಗಾವಲಿನ ಮಣ್ಣು ಹೆಚ್ಚು ಹುಳಿಯಾಗಿತ್ತು. ಹುಳಿಮಣ್ಣಿಗೆ ಮದ್ದೆಂದು ತಂದ ಗಿಡವೇ ಹುಳಿ ಏರಿಸದಂತೆ ನೋಡಿಕೊಳ್ಳುವ ದಾರಿ ಒಂದೇ: ಸಗಣಿ ಬೇಣಕ್ಕೆ ಮರಳಬೇಕು. ಕೊಟ್ಟಿಗೆ ಗೊಬ್ಬರವೆಲ್ಲ ತೋಟಕ್ಕೇ ಎಂಬ ತಲೆಮಾರಿನ ರೂಢಿ ಇಲ್ಲಿ ಸ್ವಲ್ಪ ಸಡಿಲಬೇಕು.

ಭಾವ ಅದನ್ನು ಶುರು ಮಾಡಿದ್ದಾರೆ. ಹತ್ತು ಬುಟ್ಟಿಗೆ ಎರಡು ಬುಟ್ಟಿ ಮೇಲಕ್ಕೆ. “ಕೆಳಕ್ಕೆ ಹೊರೋದು ಸುಲಭ, ಮೇಲಕ್ಕೆ ಹೊರೋದು ಕಷ್ಟ” ಎಂದರು ನಗುತ್ತ. ಮಾಘದ ನಂತರ ಬೇಲಿಯೊಳಗೇ ದನ ಕಟ್ಟಿ ಮೇಯಿಸುವ ಯೋಚನೆಯೂ ಇದೆ. ಆಗ ಗೊಬ್ಬರ ಹೊರುವ ಕೆಲಸವೇ ಇಲ್ಲ, ಉದುರಿದ ಬೀಜ ದನದ ಕಾಲ್ತುಳಿತಕ್ಕೆ ಮಣ್ಣು ಸೇರುತ್ತದೆ.

ಬೇಣ ಇರುವವರಿಗೆ ನನ್ನದೊಂದು ಮನವಿ. ಹುಳಿನೆಲ, ಪ್ರಯೋಜನವಿಲ್ಲ ಎಂದು ಅದನ್ನು ಅಕೇಶಿಯಾಕ್ಕೆ ಬಿಡುವ ಮೊದಲು, ಅಗೆದು ಶುಂಠಿಗೆ ಗೇಣಿ ಕೊಡುವ ಮೊದಲು, ಒಂದು ಮೂಲೆಗೆ ಬೇಲಿ ಹಾಕಿ. ಶಿವರಾತ್ರಿಯ ಹೊತ್ತಿಗೆ ಮಣ್ಣು ಪರೀಕ್ಷೆಗೆ ಕೊಟ್ಟರೆ ಮೃಗಶಿರೆಗೆ ಮೊದಲು ಚೀಟಿ ಕೈಸೇರುತ್ತದೆ. ಸ್ಟೈಲೋ ಬೀಜ ಎಕರೆಗೆ ಎರಡೂವರೆ ಕಿಲೋ ಸಾಕು.